ಶಾಮಣ್ಣನ ಛತ್ರಿ ಕಾಣೆಯಾದ ಪ್ರಕರಣ

"ಇಲ್ಲಿಟ್ಟಿದ್ದ ನನ್ನ ಛತ್ರಿ ಎಲ್ರೋ?" ಅಂತ ಮನೆಗೆ ಹೊರಟ ಶಾಮಣ್ಣ ಬಾಗಿಲಲ್ಲಿ ನಿಂತು ಕೇಳಿದ್ದೇ ತಪ್ಪಾಯ್ತು. ಸೀನ ಮೊಬೈಲಿಂದ ತಲೆ ಎತ್ತಿದ. ಮೂರು ವಾರದಿಂದ ಅವನು ನೋಡ್ತಿರೋದೆಲ್ಲಾ ಒಂದೇ ಜಾತಿ ವಿಡಿಯೋ. ಕತ್ತಲು, ಮಂಜು, ಹಿಂದೆ ಯಾರೋ ಹೊಟ್ಟೆನೋವಲ್ಲಿ ನರಳ್ದಂಗೆ ಮ್ಯೂಸಿಕ್ಕು, ಅದರ ಮೇಲೊಂದು ಗಡಸು ಗಂಟಲು, "ಇದರ ಹಿಂದಿನ ಸತ್ಯ ಕೇಳಿದ್ರೆ ಬೆಚ್ಚಿಬೀಳ್ತೀರಾ".

"ಛತ್ರಿ ಅಂದ್ರಲ್ಲ ಶಾಮಣ್ಣ, ಅಮೆರಿಕದ ಅಧ್ಯಕ್ಷ ಕೆನಡಿ ಕೊಲೆ ಆದ ಜಾಗದಲ್ಲೂ ಒಬ್ಬ ಛತ್ರಿ ಹಿಡ್ಕೊಂಡು ನಿಂತಿದ್ದ, ಗೊತ್ತಾ? 1963 ನವೆಂಬರ್ 22, ಡಲ್ಲಾಸು, ಮಟಮಟ ಮಧ್ಯಾಹ್ನ, ಫಳಫಳ ಬಿಸಿಲು, ಒಂದು ಹನಿ ಮಳೆ ಇಲ್ಲ, ಇವನೊಬ್ಬ ಮಾತ್ರ ಕರೀ ಛತ್ರಿ ಬಿಚ್ಕೊಂಡು ನಿಂತವ್ನೆ. ಕೆನಡಿ ಕಾರು ಅವನ ಹತ್ರ ಬರೋ ಹೊತ್ಗೆ ಸರಿಯಾಗಿ ಗುಂಡು!"

"ಅವನೇ ಛತ್ರಿ ನನ್ಮಗ" ಅಂದ ಕಿಟ್ಟಿ. ಅವನಿಗೆ ತನಿಖೆ ಗಿನಿಖೆ ಏನೂ ಬೇಡ, ನೇರ ತೀರ್ಪು.

"ಆ ಛತ್ರಿಯೊಳಗಿಂದ ವಿಷದ ಬಾಣ ಬಿಟ್ಟಿದ್ದಂತೆ ಕಣೋ!"

ಶಾಮಣ್ಣ ಮೆಟ್ಟಿದ್ದ ಚಪ್ಪಲಿ ಅಲ್ಲೇ ಬಿಟ್ಟು ವಾಪಸ್ ಬಂದು ಕೂತ್ರು. "ಲೋ, ಆ ಮನುಷ್ಯನೇ 1978ರಲ್ಲಿ ಅವರ ಸಂಸತ್ತಿನ ಸಮಿತಿ ಮುಂದೆ ಕೂತು ಹೇಳಿದ್ನಲ್ಲೋ. ಕೆನಡಿ ಅಪ್ಪ ಬ್ರಿಟನ್ನಲ್ಲಿ ರಾಯಭಾರಿ ಆಗಿದ್ದಾಗ ಅಲ್ಲಿನ ಪ್ರಧಾನಿ ಚೇಂಬರ್ಲೇನ್ ಕಡೆಯೋನು, ಹಿಟ್ಲರ್ ಜೊತೆ ರಾಜಿ ಮಾಡ್ಕೊಳೋಣ ಅನ್ನೋ ಪೈಕಿ. ಚೇಂಬರ್ಲೇನ್ ಅಂದ್ರೆ ಕೈಲೊಂದು ಛತ್ರಿ ಇದ್ದೇ ಇರೋದು. ಅಪ್ಪನ ಹಳೇ ಪುರಾಣ ನೆನಪಿಸಿ ಮಗನಿಗೆ ಸ್ವಲ್ಪ ಚುಚ್ಚೋಣ ಅಂತ ಛತ್ರಿ ಬಿಚ್ದೆ, ಅಷ್ಟೇ ಸ್ವಾಮಿ, ಅಂದ."

ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

"ಅಷ್ಟೇನಾ?" ಅಂದ ಕಿಟ್ಟಿ, ಯಾರೋ ಕೈಯಿಂದ ಬಲೂನು ಕಿತ್ಕೊಂಡಂಗೆ.

"ಅದಕ್ಕೇ ನಿಮ್ಮ ಹತ್ರ ಏನೂ ಹೇಳಬಾರದು" ಸೀನ ಸಿಡುಕಿದ. "ಬರೀ ರಸಭಂಗ."

"ಪ್ರಶ್ನೆ ಎತ್ತಿದ್ದು ನೀನು ಕಣೋ!"

"ಎತ್ತಿದ್ದು ಪ್ರಶ್ನೆ. ಉತ್ತರ ಯಾರು ಕೇಳಿದ್ರು?"

"ಹಾಂ, ಇದು ಸತ್ಯ!" ಶಾಮಣ್ಣ ತೊಡೆ ತಟ್ಟಿದ್ರು. "ಉತ್ತರ ಸಿಕ್ರೆ ನಿಮ್ಮ ವಿಡಿಯೋದೋರ ಕಸುಬಿಗೆ ಕಲ್ಲು ಬಿದ್ದಂಗೆ. 1948ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಹತ್ರ ಸಮುದ್ರದ ದಂಡೇಲಿ ಒಂದು ಹೆಣ ಸಿಗ್ತು, ಬಟ್ಟೇಲಿ ಲೇಬಲ್ ಇಲ್ಲ, ಪ್ಯಾಂಟಿನ ಗುಟ್ಟು ಜೇಬಲ್ಲಿ 'ತಮಾಮ್ ಶುದ್', ಅಂದ್ರೆ 'ಮುಗೀತು' ಅಂತ ಪಾರ್ಸೀಲಿ ಅಚ್ಚಾದ ಒಂದು ಚೂರು ಕಾಗದ. ಎಪ್ಪತ್ತು ಚಿಲ್ಲರೆ ವರ್ಷ ಗೂಢಚಾರ, ಭಗ್ನಪ್ರೇಮಿ, ಸಂಕೇತ ಲಿಪಿ ಅಂತ ಜನ ಮೈಮರೆತು ಕೂತ್ರು. 2022ರಲ್ಲಿ ಒಬ್ಬ ಪ್ರೊಫೆಸರು ಕೂದಲಿನ ಡಿಎನ್‌ಎ ಜಾಡು ಹಿಡಿದು, ಇವನು ಮೆಲ್ಬರ್ನಿನ ಎಲೆಕ್ಟ್ರಿಕಲ್ ಇಂಜಿನಿಯರ್ ಕಾರ್ಲ್ ವೆಬ್ ಅಂದ್ರು. ನಮ್ಮ ಸೀನ ಮೂರು ವಾರದಿಂದ ಬೆಚ್ಚಿಬೀಳ್ತಾ ಇದ್ದಾನಲ್ಲ ಕಿಟ್ಟಿ, ಈ ಹೆಸರು ಕೇಳಿದ್ದಾನಾ ಕೇಳು."

ಸೀನ ಕೇಳಿರ್ಲಿಲ್ಲ. ಆದ್ರೆ ಸೋಲೋ ಪೈಕಿ ಅಲ್ಲ. "ಹಂಗಾದ್ರೆ ಕೆನಡಿ ವಿಷ್ಯದಲ್ಲಿ 1979ರಲ್ಲಿ ಅದೇ ಸಮಿತಿ ಪಿತೂರಿ ಇದ್ದಿರಬಹುದು ಅಂತ ವರದಿ ಕೊಡ್ಲಿಲ್ವಾ?"

"ಕೊಡ್ತು, ಪೊಲೀಸ್ ರೇಡಿಯೋದ ಒಂದು ಗೊರಗೊರ ರೆಕಾರ್ಡಿಂಗ್ ನಂಬ್ಕೊಂಡು. 82ರಲ್ಲಿ ವಿಜ್ಞಾನಿಗಳು ಅದನ್ನ ಕೂತು ಕೇಳಿ, ಅದು ಗುಂಡಿನ ಸದ್ದೇ ಅಲ್ಲ ಅಂದ್ರು. ವಿಷ್ಯ ಅದಲ್ಲ ಕಣೋ. ಅಮೆರಿಕದ ಅಧ್ಯಕ್ಷ, 46 ವರ್ಷ, ರಾಜಕುಮಾರನಂಗಿದ್ದ. ಅವನನ್ನ ಪುಸ್ತಕದ ಗೋದಾಮಲ್ಲಿ ಕೆಲಸಕ್ಕಿದ್ದ 24ರ ಒಬ್ಬ ಹುಡುಗ, ಅಂಚೇಲಿ ತರಿಸ್ಕೊಂಡ ಬಂದೂಕಲ್ಲಿ ಹೊಡೆದ ಅಂದ್ರೆ ಮನಸ್ಸಿಗೆ ಲೆಕ್ಕ ತಾಳೆ ಆಗಲ್ಲ. ತಕ್ಕಡಿ ಒಂದೇ ಕಡೆ ವಾಲ್ಕೊಂಡಿರುತ್ತೆ. ಅದಕ್ಕೇ ಈ ಕಡೆ ತಟ್ಟೆಗೆ ಒಂದಿಷ್ಟು ಸಿಐಎ ಹಾಕು, ಮಾಫಿಯಾ ಹಾಕು, ಕ್ಯೂಬಾ ಹಾಕು, ಸಾಲದಾ, ಛತ್ರಿನೂ ಹಾಕು."

"ಛತ್ರಿ ಅಂದ್ಮೇಲೆ ನೆನಪಾಯ್ತು" ಕಿಟ್ಟಿ ದನಿ ತಗ್ಗಿಸಿದ. "ಶಾಮಣ್ಣನ ಛತ್ರಿ ಹೋಗಿದ್ದು ಆಕಸ್ಮಿಕ ಅಂತೀಯಾ? ಈ ರೂಮಲ್ಲಿ ನಾವು ಮೂರೇ ಜನ. ಬಾಗಿಲು ಹಾಕಿತ್ತು. ಲಾಭ ಯಾರಿಗೆ, ಅದನ್ನ ಮೊದಲು ಕೇಳ್ಕೋಬೇಕು."

"ಮೂರು ಕಡ್ಡಿ ಮುರಿದಿರೋ ಛತ್ರಿಯಿಂದ ಯಾವನಿಗೋ ಲಾಭ?"

"ಅದೇ! ಮುರಿದಿರೋ ಛತ್ರಿನೇ ಯಾಕೆ ಕದ್ರು?"

ಇದಕ್ಕೆ ಉತ್ತರ ಹೇಳಕ್ಕೆ ಯಾವ ಪ್ರೊಫೆಸರಿಗೂ ಸಾಧ್ಯ ಇಲ್ಲ, ಬಿಡಿ.

"ನಿಜವಾದ ಪಿತೂರಿನೂ ಇರುತ್ತೆ ತಾನೆ ಶಾಮಣ್ಣ?" ಸೀನ ಬಿಡ್ಲಿಲ್ಲ. "ವಾಟರ್‌ಗೇಟ್ ಏನು ಮತ್ತೆ?"

"ಇರುತ್ತಪ್ಪಾ, ಧಾರಾಳವಾಗಿ ಇರುತ್ತೆ. ಹೆಂಗಿರುತ್ತೆ ನೋಡು. 1972ರಲ್ಲಿ ಐದು ಜನ ಆ ವಾಟರ್ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಆಫೀಸಿಗೆ ರಾತ್ರಿ ನುಗ್ಗಿದ್ರು. ಬೀಗ ಬೀಳ್ದೆ ಇರ್ಲಿ ಅಂತ ಬಾಗಿಲಿಗೆ ಟೇಪ್ ಅಂಟಿಸಿದ್ರು. ವಾಚ್‌ಮನ್ ನೋಡಿ ಕಿತ್ತ. ಈ ಮಹಾನುಭಾವರು ಅದೇ ಬಾಗಿಲಿಗೆ ಇನ್ನೊಂದ್ಸಲ ಟೇಪ್ ಅಂಟಿಸಿದ್ರು, ಅವನು ಪೊಲೀಸ್ ಕರೆದ. ಕೊನೆಗೆ ಅಧ್ಯಕ್ಷ ನಿಕ್ಸನ್ ಕುರ್ಚಿನೇ ಹೋಯ್ತು. ನಿಜವಾದ ಪಿತೂರಿಗಾರರ ಬುದ್ಧಿ ಇಷ್ಟೇ ಇರೋದು, ನಿನ್ನ ಮೊಬೈಲಲ್ಲಿ ಮಾತ್ರ ಸಾವಿರ ಜನ ಸೇರಿ ಅರವತ್ತು ವರ್ಷ ಒಬ್ಬನೂ ಹೆಂಡ್ತಿ ಹತ್ರನೂ ಬಾಯಿ ಬಿಡಲ್ಲ!"

ಒಳಗಿಂದ ಪದ್ದಿ ಬಂದು ಗೋಡೆಗೊರಗಿ ನಿಂತ್ಕೊಂಡ್ಳು. ಸೀನ ಅಷ್ಟೊತ್ತಿಗೆ ಮೇರಿ ಸೆಲೆಸ್ಟ್ ಹಡಗು ಹತ್ತಿ ಆಗಿತ್ತು. 1872 ಡಿಸೆಂಬರ್, ಅಟ್ಲಾಂಟಿಕ್ ಮಧ್ಯೆ ಹಡಗು ತನ್ನಷ್ಟಕ್ಕೆ ತೇಲ್ತಾ ಇತ್ತು, ಒಳಗೆ ನರಪಿಳ್ಳೆ ಇಲ್ಲ, ಆರು ತಿಂಗಳ ದಿನಸಿ ಹಂಗೇ ಇದೆ, ಮೇಜಿನ ಮೇಲೆ ಚಹಾ ಇನ್ನೂ ಬಿಸಿ, ದೋಣಿಗಳೆಲ್ಲಾ ಜಾಗದಲ್ಲೇ...

"ದೋಣಿ ಇರ್ಲಿಲ್ಲ" ಅಂದ್ರು ಶಾಮಣ್ಣ. "ಚಹಾನೂ ಇರ್ಲಿಲ್ಲ. ದೋಣಿಗಳು ಇದ್ವು ಅನ್ನೋದು ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ 1884ರಲ್ಲಿ ಬರೆದ ಕತೆಯಲ್ಲಿ. ನಿಜವಾದ ಹಡಗಲ್ಲಿದ್ದ ಒಂದು ದೋಣಿ ನಾಪತ್ತೆ, ಹಡಗು ಎಲ್ಲಿದೆ ಅಂತ ಲೆಕ್ಕ ಹಾಕೋ ಯಂತ್ರಗಳೂ ನಾಪತ್ತೆ. ಹೊಟ್ಟೇಲಿ 1,701 ಪೀಪಾಯಿ ಆಲ್ಕೋಹಾಲ್. ಆವಿ ಎದ್ದು ಸಿಡಿಯುತ್ತೆ ಅಂತಲೋ ಹಡಗಿಗೆ ನೀರು ತುಂಬ್ತಿದೆ ಅಂತಲೋ ಹೆದರಿ, ಸ್ವಲ್ಪ ಹೊತ್ತಿಗೆ ಅಂತ ದೋಣಿಗಿಳಿದಿರ್ಬೇಕು. ಗಾಳಿ ಬಂದಿರುತ್ತೆ, ಹಡಗು ದೂರ ಹೋಗಿರುತ್ತೆ."

"ಏಲಿಯನ್ನೂ ಇರಬಹುದು" ಅಂದ ಕಿಟ್ಟಿ, ಆಶೆಯಿಂದ.

"ಒಟ್ಟು ಎಷ್ಟು ಜನ ಇದ್ರು ಶಾಮಣ್ಣ?" ಪದ್ದಿ ಕೇಳಿದ್ಳು.

"ಹತ್ತು ಜನ. ಕ್ಯಾಪ್ಟನ್ನು, ಏಳು ಜನ ಕೆಲಸದೋರು, ಕ್ಯಾಪ್ಟನ್ ಹೆಂಡ್ತಿ, ಎರಡು ವರ್ಷದ ಹೆಣ್ಣುಮಗು. ಒಂದು ಗಂಡು ಮಗೂನೂ ಇತ್ತಮ್ಮ, ಏಳು ವರ್ಷದ್ದು. ಸ್ಕೂಲು ತಪ್ಪುತ್ತೆ ಅಂತ ಅಜ್ಜಿ ಹತ್ರ ಬಿಟ್ಟು ಹೋಗಿದ್ರು."

"ಅಯ್ಯೋ" ಅಂದ್ಳು ಪದ್ದಿ. ಆಮೇಲೆ ಸೆರಗಿನ ತುದಿ ಸುತ್ತುತ್ತಾ, "ಆ ಅಜ್ಜಿ ಅವನಿಗೆ ಏನಂತ ಹೇಳಿರಬಹುದು?"

ಸೀನನ ಮೊಬೈಲು ಮಾತ್ರ ನರಳ್ತಾನೇ ಇತ್ತು. ಅವನು ಅದನ್ನ ಮಗುಚಿಟ್ಟ. ಕಿಟ್ಟಿ ಕೂಡ ಏಲಿಯನ್ ಸುದ್ದಿ ಎತ್ಲಿಲ್ಲ.

"ನಿಮ್ಮ ಛತ್ರಿ ನೀರು ಸೋರ್ತಿತ್ತು, ಹಿಂದಿನ ಬಾಗಿಲ ಹತ್ರ ಒಣಗಿಹಾಕಿದ್ದೆ" ಅಂತ ಪದ್ದಿ ಹೋಗಿ ತಂದು ಶಾಮಣ್ಣನ ಕೈಗಿಟ್ಳು.

"ನೋಡ್ರೋ!" ಶಾಮಣ್ಣ ಗೆದ್ದೋರ ಹಂಗೆ ಎದ್ರು. "ಬಾಣ ಇಲ್ಲ, ಸಿಐಎ ಇಲ್ಲ. ನೀರು ಸೋರ್ತಿತ್ತು. ಮುಗೀತು. ತಮಾಮ್ ಶುದ್!"

"ಸರಿ" ಅಂದ ಕಿಟ್ಟಿ ನಿಧಾನಕ್ಕೆ. "ಇದು ಅದೇ ಛತ್ರಿ ಅಂತ ಏನು ಗ್ಯಾರಂಟಿ? ಕ್ರಾಂತಿ ಹೊತ್ತಲ್ಲಿ ಕೊಲೆಯಾದ ರಷ್ಯಾದ ರಾಜಕುಮಾರಿ ಅನಸ್ತಾಸಿಯಾ ನಾನೇ ಅಂತ ಒಬ್ಬಳು 1984ರಲ್ಲಿ ಸಾಯೋವರೆಗೂ ಸಾಧಿಸ್ಲಿಲ್ವಾ? ಹತ್ತು ವರ್ಷ ಬಿಟ್ಟು ಡಿಎನ್‌ಎ ನೋಡಿದ್ರೆ ಫ್ಯಾಕ್ಟರಿ ಕೆಲಸದ ಹೆಂಗಸು."

"ಥೂ, ತಲೆಹರಟೆ" ಅಂತ ಬೈದು ಶಾಮಣ್ಣ ಮೆಟ್ಲಿಳಿದ್ರು. ನಾಲ್ಕು ಹೆಜ್ಜೆ ಹೋಗಿ ನಿಂತ್ರು. ಛತ್ರಿ ಬಿಚ್ಚಿದ್ರು. ಒಳಗೆ ತಲೆ ಹಾಕಿ ಕಡ್ಡಿ ಒಂದೊಂದಾಗಿ ಎಣಿಸಿದ್ರು, ಹಿಡಿ ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದ್ರು.

"ಲೋ ಸೀನ" ಅಂತ ಅಲ್ಲಿಂದಲೇ ಕೂಗಿದ್ರು, "ನಂದಕ್ಕೆ ಹಿಡಿ ಹತ್ರ ಒಂದು ಗೀರಿತ್ತಲ್ವೇನೋ?"