ಜನರಲ್ ತಿಮ್ಮಯ್ಯನವರ ಬಗ್ಗೆ ಮಗಳ ಭಾಷಣ: ಎಲ್ಲಿಂದ ಶುರು ಮಾಡಿಸಲಿ?

ಕೇಳಿದವರು: ಮಗಳು ಎನ್‌ಸಿಸಿಯಲ್ಲಿದ್ದಾಳೆ. ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಹುಟ್ಟಿದ್ದು, ಪದವಿ, ಪ್ರಶಸ್ತಿ ಎಲ್ಲ ಬರೆದುಕೊಂಡಿದ್ದಾಳೆ. ಆದರೆ ಓದಿದರೆ ಸಪ್ಪೆ ಅನಿಸುತ್ತದೆ. ಮಕ್ಕಳಿಗೆ ಇಂಥದ್ದು ಮಾಡಿಸಿದವರು ಹೇಳಿ.

ಹೈಸ್ಕೂಲ್ ಮೇಷ್ಟ್ರು: ನಾನೂ ಮೊದಲು ಹಾಗೇ ಮಾಡಿಸಿದ್ದೆ. ಹುಡುಗ 1906ರಿಂದ 1965ರವರೆಗೆ ಇಸವಿ ಓದಿದ, ಯಾರೂ ಕೇಳಲಿಲ್ಲ. ಮುಂದಿನ ಸಲ ಒಂದೇ ದಿನ ಹಿಡಿದುಕೊಂಡೆವು: 1948ರ ನವೆಂಬರ್ 1, ಪಾಕಿಸ್ತಾನದ ಜೊತೆಗಿನ ಮೊದಲ ಯುದ್ಧ, ಕಾಶ್ಮೀರದಿಂದ ಲಡಾಖಿಗೆ ದಾಟುವ ಜೋಜಿ ಲಾ ಕಣಿವೆ ದಾರಿ. ಎತ್ತರ ಸುಮಾರು 11,500 ಅಡಿ. ಅದು ಪಾಕಿಸ್ತಾನದ ಕಡೆಯವರ ಕೈಯಲ್ಲಿತ್ತು, ಲೇಹ್‌ಗೆ ಹೋಗುವ ದಾರಿ ಬಂದ್. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ನುಗ್ಗಿ ನೋಡಿದರು, ಆಗಲಿಲ್ಲ. ಆಗ ತಿಮ್ಮಯ್ಯನವರು ಟ್ಯಾಂಕ್ ತರಿಸುವುದಕ್ಕೆ ಮುಂದಾದರು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಯಾರೂ ಟ್ಯಾಂಕ್ ಹತ್ತಿಸಿ ಕಾದಾಡಿರಲಿಲ್ಲ. 7ನೇ ಕ್ಯಾವಲ್ರಿ ಎಂಬ ಟ್ಯಾಂಕ್ ಪಡೆಯ ಸ್ಟುವರ್ಟ್ ಟ್ಯಾಂಕ್‌ಗಳ ಮೇಲಿನ ತಿರುಗು ಗೋಪುರ ಬಿಚ್ಚಿ, ಗುರುತು ಸಿಗದಂತೆ ಮುಚ್ಚಿ, ಜಮ್ಮು ಕಡೆಯಿಂದ ಗುಟ್ಟಾಗಿ ಕಣಿವೆಯ ಬುಡದ ಬಾಲ್ಟಾಲ್‌ಗೆ ತಂದರು. ಹಿಮದ ನಡುವೆ ಟ್ಯಾಂಕ್ ಬಂದದ್ದು ಕಂಡು ಎದುರಾಳಿಗಳು ದಿಕ್ಕೆಟ್ಟರು. ಡಿವಿಷನ್ನಿನ ಮುಖ್ಯಸ್ಥರಾದ ತಿಮ್ಮಯ್ಯನವರೇ ಮುಂದಿನ ಟ್ಯಾಂಕಿನಲ್ಲಿದ್ದರು! ಆ ತಿಂಗಳು ಮುಗಿಯುವುದರೊಳಗೆ ಲೇಹ್ ದಾರಿಯ ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿದವು. ನಮ್ಮ ಹುಡುಗಿ ಇಷ್ಟನ್ನೇ ಹೇಳಿದಳು. ಸಭೆ ಗಪ್‌ಚುಪ್.

ಸೈನಿಕನ ಮಗ: ಟ್ಯಾಂಕ್ ಹೇಳುವಾಗ ದಾರಿ ಮಾಡಿದವರನ್ನು ಬಿಡಬೇಡಿ. ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಎಂಇಜಿಯವರು (ಮದ್ರಾಸ್ ಎಂಜಿನಿಯರ್ ಗ್ರೂಪ್). ಅಪ್ಪ ಅಲ್ಲೇ ಇದ್ದವರು, ಈ ಮಾತು ಬಂದರೆ ಈಗಲೂ ಅವರ ಕಣ್ಣು ತುಂಬುತ್ತದೆ.

ಮೇಷ್ಟ್ರು: ಖಂಡಿತ ಸೇರಿಸಿ. ಇವತ್ತಿಗೆ ಇದರಿಂದ ಏನು ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1962ರ ಚೀನಾ ಯುದ್ಧದಲ್ಲಿ ಲಡಾಖಿನ ಚುಶೂಲ್‌ಗೆ ವಿಮಾನದಲ್ಲಿ ಟ್ಯಾಂಕ್ ಇಳಿಸಿದರು. 2020ರಲ್ಲಿ ಪೂರ್ವ ಲಡಾಖಿನಲ್ಲಿ ಚೀನಾ ಎದುರು ಟಿ-90 ಟ್ಯಾಂಕ್‌ಗಳು ನಿಂತವು. ಎಲ್ಲಾ ಅವರಿಂದಲೇ ಆಯಿತು ಅನ್ನುವುದು ಜಾಸ್ತಿಯಾಯಿತು. ಅಷ್ಟು ಎತ್ತರದ ಬೆಟ್ಟದ ಮೇಲೂ ಟ್ಯಾಂಕ್ ನಡೆಯುತ್ತದೆ ಅಂತ ಮೊದಲು ತೋರಿಸಿಕೊಟ್ಟದ್ದು ಅವರು. ಅಷ್ಟು ಹೇಳಿದರೆ ಸಾಕು ಅಲ್ವಾ?

ಮಡಿಕೇರಿಯವರು: ಆಗುವುದಾದರೆ ಮಗಳನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬನ್ನಿ. ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ. ನನ್ನ ಮಗ ಅಲ್ಲಿಂದ ಬಂದ ಮೇಲೆ ಚೀಟಿ ನೋಡದೆ ಮಾತಾಡಿದ. ಕೊರಿಯಾ ಯುದ್ಧದ ನಂತರದ ಮಾತನ್ನೂ ಎರಡು ಸಾಲು ಸೇರಿಸಿ. 1953ರಲ್ಲಿ ಊರಿಗೆ ವಾಪಸ್ ಹೋಗಲು ಒಪ್ಪದ ಯುದ್ಧ ಕೈದಿಗಳ ವಿಷಯ ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. ಕೊನೆಗೆ ತೀರಿಕೊಂಡದ್ದೂ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗ.

ಕೇಳಿದವರು: ಇಸವಿಗಳ ಚೀಟಿ ಪಕ್ಕಕ್ಕಿಟ್ಟಿದ್ದಾಳೆ. ಈಗ ಶ್ರೀನಗರದಿಂದ ಲೇಹ್‌ವರೆಗಿನ ನಕ್ಷೆ ಬರೆಯುತ್ತಾ ಕೂತಿದ್ದಾಳೆ.