ಜಿಬಿಎಸ್‌ಗೆ ಸ್ಟಿರಾಯ್ಡ್ ಏಕೆ ಕೊಡುವುದಿಲ್ಲ?

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ಭೇದಿ ವಾಸಿಯಾದ ಹತ್ತು ದಿನಕ್ಕೆ ನನ್ನ ತಮ್ಮನ ಪಾದಗಳಲ್ಲಿ ಜೋಮು ಶುರುವಾಯಿತು. ಮೂರನೆಯ ದಿನ ಕುರ್ಚಿಯಿಂದ ಏಳುವುದಕ್ಕೂ ಕೈಯೂರಬೇಕಾಯಿತು. ಗಿಲನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂದು ಹೇಳಿ ಐದು ದಿನ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧಿ) ಕೊಟ್ಟರು. ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ತಿರುಗಿಬಿದ್ದಿದೆಯಂತೆ. ಹಾಗಿದ್ದರೆ ಅದನ್ನು ತಗ್ಗಿಸುವ ಸ್ಟಿರಾಯ್ಡ್ ಏಕೆ ಕೊಡಲಿಲ್ಲ? ಸಂಬಂಧಿಕರೊಬ್ಬರಿಗೆ ಸಿಐಡಿಪಿ ಎಂಬ ಇಂಥದ್ದೇ ಕಾಯಿಲೆಗೆ ಅದನ್ನೇ ಕೊಡುತ್ತಿದ್ದಾರೆ.

ನರರೋಗ ತಜ್ಞರ ಉತ್ತರ: ಭೇದಿಯ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಜಿಬಿಎಸ್‌ಗೆ ಮುಂಚೆ ಹೆಚ್ಚಾಗಿ ಕಂಡುಬರುವ ಸೋಂಕು ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾದ್ದು. ಅದರ ಹೊರಮೈಯ ಸಕ್ಕರೆ ಸರಪಳಿಗಳು ನಮ್ಮ ನರಗಳ ಮೇಲಿರುವ ಗ್ಯಾಂಗ್ಲಿಯೊಸೈಡ್‌ ಎಂಬ ಸಕ್ಕರೆ ಬೆರೆತ ಕೊಬ್ಬಿನ ಅಣುಗಳನ್ನು ಹೋಲುವುದರಿಂದ, ಆ ಬ್ಯಾಕ್ಟೀರಿಯಾಕ್ಕೆಂದು ತಯಾರಾದ ಪ್ರತಿಕಾಯಗಳು ನರಕ್ಕೂ ಅಂಟಿಕೊಳ್ಳುತ್ತವೆ. ಅಂಟಿದ ಜಾಗದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಒಂದರ ಹಿಂದೊಂದು ಚುರುಕಾಗಿ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ, ಅವುಗಳ ಬೆನ್ನಿಗೇ ಮ್ಯಾಕ್ರೊಫೇಜ್ ಎಂಬ, ಬೇಡದ್ದನ್ನು ನುಂಗುವ ರಕ್ಷಣಾ ಕೋಶಗಳು ಬಂದು ಮುತ್ತುತ್ತವೆ. ಕೆಲವರಲ್ಲಿ ಈ ಕೋಶಗಳು ನರದ ಮೈಲಿನ್ ಹೊದಿಕೆಯನ್ನು ಪದರಪದರವಾಗಿ ಸುಲಿದರೆ, ಇನ್ನು ಕೆಲವರಲ್ಲಿ ಒಳಗಿನ ತಂತುವಿಗೇ ಪೆಟ್ಟು ಬೀಳುತ್ತದೆ.

ಸ್ಟಿರಾಯ್ಡ್ ಕೊಡಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ವೈದ್ಯರಿಗೂ ಹಿಂದೆ ಹಾಗೆಯೇ ಅನ್ನಿಸಿತ್ತು. ಆದರೆ ರೋಗಿಗಳಿಗೆ ಕೊಟ್ಟು ಹೋಲಿಸಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಮಾತ್ರೆಯಾಗಿ ಕೊಟ್ಟವರಲ್ಲಿ ಚೇತರಿಕೆ ನಿಧಾನವಾದಂತೆಯೂ ತೋರಿತು. ಕಳಚಿದ ಮೈಲಿನ್ ಚೂರುಗಳನ್ನು ಗುಡಿಸಿ ದುರಸ್ತಿಗೆ ದಾರಿ ಮಾಡಿಕೊಡುವುದೂ ಅದೇ ಮ್ಯಾಕ್ರೊಫೇಜ್‌ಗಳಾದ್ದರಿಂದ, ಸ್ಟಿರಾಯ್ಡ್ ಆ ಕೆಲಸಕ್ಕೂ ಅಡ್ಡಿಯಾಗಬಹುದು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಸಿಐಡಿಪಿಯ ನಡೆಯೇ ಬೇರೆ. ಜಿಬಿಎಸ್ 4 ವಾರಗಳೊಳಗೆ ತನ್ನ ತೀವ್ರ ಸ್ಥಿತಿ ಮುಟ್ಟಿ ನಿಲ್ಲುತ್ತದೆ. ಸಿಐಡಿಪಿಯಲ್ಲಿ ದಾಳಿ 8 ವಾರ ದಾಟಿಯೂ ಮುಂದುವರಿಯುತ್ತದೆ, ಅದನ್ನು ಸ್ಟಿರಾಯ್ಡ್ ತಗ್ಗಿಸಬಲ್ಲದು. ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿ ಎಂಬ ಮತ್ತೊಂದು ಕಾಯಿಲೆಯೂ ರೋಗನಿರೋಧಕ ವ್ಯವಸ್ಥೆಯಿಂದಲೇ ಬರುವಂಥದ್ದು, ಆದರೂ ಅಲ್ಲಿ ಸ್ಟಿರಾಯ್ಡ್‌ನಿಂದ ಬಲಹೀನತೆ ಹೆಚ್ಚಾಗುವುದುಂಟು. ಆದ್ದರಿಂದ ಒಬ್ಬರ ಚೀಟಿಯನ್ನು ಇನ್ನೊಬ್ಬರದಕ್ಕೆ ಹೋಲಿಸಬೇಡಿ.

ಮರುಪ್ರಶ್ನೆ: ಧನ್ಯವಾದಗಳು. ಐದು ತಿಂಗಳಾಯಿತು, ತಮ್ಮ ನಡೆಯುತ್ತಾನೆ, ಆದರೆ ಪಾದದ ಜೋಮು ಹೋಗಿಲ್ಲ. ಇನ್ನೊಮ್ಮೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ?

ಉತ್ತರ: ಜೋಮು ಹೆಚ್ಚುತ್ತಿಲ್ಲವಾದರೆ ಬೇಕಾಗುವುದಿಲ್ಲ. ಆ ಔಷಧಿ ದಾಳಿಯನ್ನು ತಡೆಯುತ್ತದೆಯೇ ಹೊರತು ನರವನ್ನು ಬೆಳೆಸುವುದಿಲ್ಲ. ತಂತು ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ, ಹಾಗಾಗಿ ಮೊಣಕಾಲಿನಿಂದ ಪಾದ ತಲುಪುವುದಕ್ಕೇ ವರ್ಷ ಹಿಡಿಯಬಹುದು. ಆದರೆ ಚೇತರಿಸಿಕೊಂಡ ಕಾಲು ಮತ್ತೆ ಸೋಲತೊಡಗಿದರೆ ತಡಮಾಡದೆ ನಿಮ್ಮ ವೈದ್ಯರಿಗೆ ತೋರಿಸಿ. ಜಿಬಿಎಸ್‌ನಂತೆ ದಿಢೀರನೆ ಶುರುವಾದದ್ದು ಸಿಐಡಿಪಿಯೇ ಆಗಿರುವುದುಂಟು.