ಹಾಡ್ಯದಲ್ಲಿ ಮಂಗ ಸತ್ತಿದೆ, ದರಗು ತರೋಕೆ ಹೋಗಬಹುದಾ?

ತೀರ್ಥಹಳ್ಳಿ ಕಡೆಯವ:
ತೋಟದ ಮೇಲಿನ ಹಾಡ್ಯದಲ್ಲಿ (ಸಣ್ಣ ಕಾಡಲ್ಲಿ) ಮುಸಿಯ ಒಂದು ಸತ್ತು ಬಿದ್ದಿದೆ. ಊರಲ್ಲಿ ಒಬ್ಬರಿಗೆ ಜೋರು ಜ್ವರ. ಮಂಗನ ಕಾಯಿಲೆ ಅಂತ ಸುದ್ದಿ ಹಬ್ಬಿ ಆ ಮನೆ ಕಡೆ ಯಾರೂ ತಲೆ ಹಾಕುತ್ತಿಲ್ಲ, ಹಾಲು ಕೊಡುವವರೂ ನಿಲ್ಲಿಸಿದ್ದಾರೆ. ನಮ್ಮಮ್ಮ ಮಾತ್ರ ಕೊಟ್ಟಿಗೆಗೆ ಹಾಸೋಕೆ ದರಗು (ಒಣ ಎಲೆ) ಬೇಕು ಅಂತ ಅದೇ ಹಾಡ್ಯಕ್ಕೆ ಹೊರಟಿದ್ದಾರೆ. ಮಂಗನನ್ನು ಹೂತರೆ ಸಾಕಾ? ಲಸಿಕೆ ಎಲ್ಲಿ ಸಿಗುತ್ತೆ?

ಸಾಗರದವಳು:
ಮೊದಲು ಅಮ್ಮನನ್ನು ತಡೀರಿ ಮಾರಾಯ್ರೆ. ಈ ಕಾಯಿಲೆ ಬರೋದು ಉಣುಗು (ಉಣ್ಣೆ ಹುಳ) ಕಚ್ಚಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗು ಕೆಳಗಿಳಿದು ಅಲ್ಲೇ ದರಗಿನಲ್ಲಿ ಇರುತ್ತೆ. ಮರಿ ಉಣುಗು ಎಳ್ಳಿನಷ್ಟೂ ಇರಲ್ಲ, ಕಚ್ಚಿದ್ದೇ ಗೊತ್ತಾಗಲ್ಲ. ನೀವೇ ಹೂಳೋಕೆ ಹೋಗಬೇಡಿ, ಹತ್ತಿರಾನೂ ಸುಳೀಬೇಡಿ. ಆಶಾ ಕಾರ್ಯಕರ್ತೆಗೆ ಇವತ್ತೇ ಹೇಳಿ. ಇಲಾಖೆಯವರು ಬಂದು ಪರೀಕ್ಷೆಗೆ ಮಾದರಿ ತಗೊಂಡು, ಮಂಗನನ್ನು ಸುಟ್ಟು, ಸುತ್ತ 50 ಮೀಟರ್ ಉಣುಗು ಸಾಯುವ ಪುಡಿ ಹಾಕುತ್ತಾರೆ. ದನಗಳನ್ನೂ ಆ ಕಡೆ ಬಿಡಬೇಡಿ, ಉಣುಗನ್ನು ಮೈಮೇಲೆ ಹೊತ್ತು ಮನೆಗೇ ತರುತ್ತವೆ. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ಜೀವ ಹೋಯ್ತು, ಮರೆಯೋಕಾಗುತ್ತಾ?

ಸೊರಬದಣ್ಣ:
ಆ ಮನೆಯವರನ್ನು ದೂರ ಇಟ್ಟಿದ್ದು ಕೇಳಿ ಬಹಳ ಬೇಜಾರಾಯ್ತು. 1957ರಲ್ಲಿ ನಮ್ಮ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಕಾಯಿಲೆ ಇದು, ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಹೀಗೆ ದೂರ ಇಟ್ಟರೆ ನಾಳೆ ಇನ್ನೊಬ್ಬರು ಜ್ವರ ಬಂದರೂ ಬಾಯಿ ಬಿಡಲ್ಲ, ಆಮೇಲೆ ಕಾಯಿಲೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ. ಹೋಗಿ ಮಾತಾಡಿಸಿ, ಬೇಗ ರಕ್ತ ಪರೀಕ್ಷೆ ಮಾಡಿಸಿ. ಮೈಕೈ ನೋವಿಗೆ ಅಂಗಡಿಯಿಂದ ಬ್ರುಫೆನ್, ಆಸ್ಪಿರಿನ್ ತಂದು ನುಂಗಿಸಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರ ಬಿಟ್ಟಿತು ಅಂತ ಸುಮ್ನಿರಬೇಡಿ, ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತೆ.

ಹೊಸನಗರ ನರ್ಸ್:
ಹಳೇ ಲಸಿಕೆ ಅಷ್ಟಾಗಿ ಕೆಲಸ ಮಾಡುತ್ತಿರಲಿಲ್ಲ, 2022ರಲ್ಲಿ ನಿಲ್ಲಿಸಿದರು. ಈಗ ಸದ್ಯಕ್ಕೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆಯೇ ಆಸರೆ. ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಮ್ಮ ಬೇರೆ ಕಡೆ ಕಾಡಿಗೆ ಹೋಗುವಾಗಲೂ ಕೈಕಾಲಿಗೆ ಹಚ್ಚಿಕೊಂಡು, ಮೈತುಂಬಾ ಬಟ್ಟೆ ಹಾಕಿಕೊಳ್ಳಲಿ. ಬಂದ ತಕ್ಷಣ ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ತೀರ್ಥಹಳ್ಳಿ ಕಡೆಯವ:
ಆಶಾ ಅಕ್ಕನಿಗೆ ಫೋನ್ ಮಾಡಿದೆ, ನಾಳೆ ಬರ್ತಾರಂತೆ. ಆ ಮನೆಗೆ ಹಾಲು ನಾನೇ ಕೊಟ್ಟು ಬರ್ತೀನಿ. ಎಣ್ಣೆ ದನಕ್ಕೂ ಹಚ್ಚಬಹುದಾ?

ಹೊಸನಗರ ನರ್ಸ್:
ಬೇಡ, ದನಕ್ಕೆ ಬೇರೆ ಔಷಧಿ ಇದೆ. ಪಶು ಆಸ್ಪತ್ರೆಯಲ್ಲಿ ಕೇಳಿ.